ಭಾವನ ಕಾಗದಕ್ಕೆ ನನ್ನ ಕೆಂಪು ಶಾಯಿ

ಭಾವಯ್ಯಾ,

ಅಲ್ಲಿಯೂ ಅರ್ಜಿ ಗುಜರಾಯಿಸುವ ಪದ್ಧತಿ ಇದ್ದರೆ ದಯವಿಟ್ಟು ನನ್ನಂಥವನಿಂದ ತಿದ್ದಿಸಬೇಡಿ. ನನ್ನ ಇಂಗ್ಲಿಷಿನ ಕೈಗುಣ ಗೊತ್ತಾಗುವ ಮೊದಲೇ ಹೊರಟುಬಿಟ್ಟಿರಿ ನೀವು.

ಆ ಭಾನುವಾರ ದೆಹಲಿಯ ಚಳಿಯಲ್ಲಿ ಆರ್.ಕೆ.ಪುರಂ ಕ್ವಾರ್ಟರ್ಸಿನಿಂದ ದ್ವಾರಕಾದ ನನ್ನ ಮನೆಗೆ ಬಂದದ್ದು ನೆನಪಿದೆಯೇ? ಕಾಲೇಜು ಮೇಷ್ಟ್ರಾದ ನನ್ನ ಕೆಂಪು ಶಾಯಿ ದಾಟದೆ ನಮ್ಮ ಕುಟುಂಬದ ಯಾವ ಇಂಗ್ಲಿಷ್ ಕಾಗದವೂ ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೆಂದೇ ನೀವು ಪೆನ್ಸಿಲಿನಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತಿದ್ದಿರಿ. ಹೊಸ ಸಾಹೇಬ ಎಲ್ಲರೆದುರು ನಿಮ್ಮ ಫೈಲು ಎಸೆದಿದ್ದ. ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿ ಸಾಕೆಂದು ‘ವಾಲಂಟರಿ ರಿಟೈರ್‌ಮೆಂಟ್’ ಕೋರಿದ್ದಿರಿ.

“ಏನ್ ಭಾವ, ರಿಟೈರ್‌ಮೆಂಟ್ ಅಂದ್ರೆ ಮಫ್ಲರ್ ಸುತ್ಕೊಂಡು ಪಾರ್ಕಲ್ಲಿ ಕೂತ ಹಾಗಿದೆ. ‘ರಿಸೈನ್’ ಅಂತ ಹಾಕಿ, ಸಾಹೇಬನ ಕೆನ್ನೆಗೆ ಬಾರಿಸಿದ ಹಾಗಿರುತ್ತೆ.”

“ಎರಡೂ ಒಂದೇ ತಾನೇ?”

“ಹ್ಞೂಂ, ಹೇಗಿದ್ರೂ ಮನೆಗೆ ಹೋಗೋದೇ ಅಲ್ವಾ?”

“ಅಚ್ಛಾ, ಮೇಷ್ಟ್ರು ಹೇಳಿದ ಮೇಲೆ ಮುಗೀತು” ಎಂದು ನಕ್ಕಿರಿ. ಮುಗಿದೇ ಹೋಯಿತಲ್ಲ ಭಾವ...

ನಾನು ತಿದ್ದಿದ ಆ ರಾಜೀನಾಮೆ ಮಂಜೂರಾಗಿ ಮೂರನೇ ವಾರಕ್ಕೆ ನಿಮ್ಮ ಎದೆಬಡಿತ ನಿಂತಿತು. ಕ್ರಿಯೆ ಮುಗಿಸಿ ಅಕ್ಕನ ಜೊತೆ ಪಿಂಚಣಿ ಕೇಳಲು ಹೋದೆ. ಸ್ವಯಂನಿವೃತ್ತಿ ಎಂದಿದ್ದರೆ ಹೆಂಡತಿಗೆ ಕುಟುಂಬ ಪಿಂಚಣಿ ಸಿಗುತ್ತಿತ್ತಂತೆ. ರಾಜೀನಾಮೆ ಎಂದರೆ ಹಿಂದಿನ ಸೇವೆಯೆಲ್ಲ ಅಳಿಸಿಹೋಗುತ್ತದಂತೆ. “ರಿಟೈರ್‌ಮೆಂಟ್ ಲಿಖ್‌ನಾ ಥಾ ನಾ! ಕಿಸ್‌ನೇ ಲಿಖ್‌ವಾಯಾ?” ರಿಟೈರ್‌ಮೆಂಟ್ ಅಂತ ಬರೆಯಬೇಕಿತ್ತಲ್ಲ, ಯಾರು ಬರೆಸಿದ್ದು ಎಂದು ಗುಮಾಸ್ತ ಕೇಳಿದ. ಅಕ್ಕ ಪಕ್ಕದಲ್ಲೇ ಇದ್ದಳು. ನಾನು ಕನ್ನಡಕ ಒರೆಸಿಕೊಂಡೆ.

ರಾಜೀನಾಮೆಯಲ್ಲಿ ರಾಜಿಯೂ ಇಲ್ಲ, ಉಳಿದದ್ದು ನಾಮ ಮಾತ್ರ ಎಂದಿದ್ದರೆ ನೀವು ಹೊಟ್ಟೆ ಹಿಡಿದು ನಗುತ್ತಿದ್ದಿರಿ. ಈಗ ಯಾರಿಗೆ ಹೇಳಲಿ?

ಅಕ್ಕನೋ, ಬೈಯುವುದು ನಿಮ್ಮನ್ನೇ. “ನಿಮ್ಮ ಭಾವಂಗೆ ಮೂಗಿನ ತುದೀಲಿ ಕೋಪ, ಆಫೀಸಲ್ಲೇ ಗೀಚಿ ಕೊಟ್ಬಿಟ್ಟಿದ್ದಾರೆ. ನಿನಗೊಂದ್ಸಲ ತೋರ್ಸಿದ್ರೆ ಹೀಗಾಗ್ತಿತ್ತೇನೋ?” ಎನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ತಿಂದೆ ಭಾವ. ಹೇಗೆ ತಿಂದೆನೋ...

ನಿನ್ನೆ ನಮ್ಮ ಮೇಲ್ಮನವಿಯೂ ವಜಾ ಆಯಿತು. ಕ್ವಾರ್ಟರ್ಸ್ ಬಿಡಲು ನೋಟಿಸ್ ಬಂದಿದೆ. ಶನಿವಾರ ಅಕ್ಕ ನನ್ನ ಮನೆಗೆ ಬರುತ್ತಾಳೆ, ಇನ್ನು ಇಲ್ಲೇ ಇರುತ್ತಾಳೆ. “ನೀನಿದ್ದೀಯಲ್ಲ, ನಂಗೇನು ಭಯ” ಎನ್ನುತ್ತಾಳೆ.

ಅವಳು ಸಾಮಾನು ಕಟ್ಟುವ ಮೊದಲೇ, ಶುಕ್ರವಾರವೇ ಹೋಗಿ ಹೇಳಿಬಿಡುತ್ತೇನೆ. ನನ್ನ ಮನೆಗೆ ಬಂದ ಮೇಲೆ ಹೇಳಿದರೆ, ಸಿಟ್ಟು ಮಾಡಿಕೊಂಡು ಎದ್ದುಹೋಗಲು ಅವಳಿಗೆ ಜಾಗವೇ ಇರುವುದಿಲ್ಲ.