ಕತ್ತರಿ ಎತ್ತುವ ಮೊದಲು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ತಲುಪಿತು. ತಲೆಗೂದಲನ್ನೆಲ್ಲ ಉದುರಿಸಿದ ಆ ಔಷಧ ಎದೆಯ ಗಡ್ಡೆಗೆ ಏನು ಮಾಡುತ್ತದೆಂದು ತಿಳಿಯುವವರೆಗೆ ಮೂರನೆಯ ಡ್ರಿಪ್ಪಿಗೆ ಕೈ ಚಾಚುವುದಿಲ್ಲ ಎಂದು ಬರೆದಿದ್ದೀಯ. ಡಾಕ್ಟರನ್ನು ಕೇಳಿದರೆ ಗಡಿಯಾರ ನೋಡಿಕೊಂಡರಂತೆ. ನಿನ್ನ ಹಟ ನನಗೆ ಹೊಸದಲ್ಲ, ಆದರೆ ಈ ಪ್ರಶ್ನೆ ಮಾತ್ರ ತಲೆಗೆ ಹುಳ ಬಿಟ್ಟಿತು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಂಟಿಸಿ ಕೂರುವ ನನಗೇ ಅದನ್ನು ನೋಡಬೇಕೆಂದು ಹೊಳೆದಿರಲಿಲ್ಲವಲ್ಲ!

ನಿನ್ನೆ ಬೆಳಿಗ್ಗೆ ಎರಡು ತಟ್ಟೆಗಳಲ್ಲಿ ನಮ್ಮ ಲ್ಯಾಬಿನಲ್ಲಿ ಬೆಳೆಸಿದ ಅಂಥದೇ ಗಡ್ಡೆಯ ಜೀವಕೋಶಗಳನ್ನಿಟ್ಟು, ಒಂದಕ್ಕೆ ಮಾತ್ರ ನಿನ್ನ ಔಷಧ ಹಾಕಿದೆ.

ಔಷಧವಿಲ್ಲದ ತಟ್ಟೆಯಲ್ಲಿ ಎಂಥ ಗಡಿಬಿಡಿ ಗೊತ್ತಾ? ಕೋಶ ಎರಡಾಗುವ ಮೊದಲು ಅದರ ಎರಡು ಬದಿಗಳಿಂದ ಪ್ರೋಟೀನಿನ ಎಳೆಗಳು ಹೊರಡುತ್ತವೆ. ಬೆಳೆಯುತ್ತವೆ, ಕುಗ್ಗುತ್ತವೆ, ತಡಕಾಡುತ್ತವೆ. ಕೊನೆಗೆ ವರ್ಣತಂತುಗಳ ಒಂದೊಂದು ಜೋಡಿಯನ್ನೂ ಎರಡೂ ಕಡೆಯಿಂದ ಹಿಡಿದು ಜಗ್ಗುತ್ತವೆ. ನಿನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಯಾಗಿದೆಯಾ ಅಂತ ನೀನು ಎಳೆದು ನೋಡುತ್ತಿದ್ದೆಯಲ್ಲ, ಹಾಗೇ. ಒಂದೇ ಒಂದು ಜೋಡಿ ಸಡಿಲವಿದ್ದರೂ ಕಾವಲಿನ ಪ್ರೋಟೀನುಗಳು, ಜೋಡಿಗಳನ್ನು ಬಿಡಿಸುವ ಕತ್ತರಿಯ ಕೆಲಸದ ಪ್ರೋಟೀನನ್ನು ತಡೆದು ನಿಲ್ಲಿಸುತ್ತವೆ. ನಾನು ಸೊಟ್ಟಗೆ ಹಿಡಿದಾಗ ನೀನು ಬೈದಂತೆ ಅವು ಬೈಯುವುದಿಲ್ಲ, ಅಷ್ಟೇ.

ಔಷಧ ಬಿದ್ದ ತಟ್ಟೆಯಲ್ಲಿ ಎಳೆಗಳು ಸೆಟೆದು ನಿಂತಿದ್ದವು. ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ, ಸರಿಯಾಗಿ ಜಗ್ಗುವುದಂತೂ ಇಲ್ಲವೇ ಇಲ್ಲ. ಕೋಶಗಳು ಗುಂಡಗಾಗಿ ಕಾದವು, ಕಾದೇ ಕಾದವು. ಇವತ್ತು ಬೆಳಿಗ್ಗೆ ನೋಡಿದರೆ ಎಲ್ಲ ಸತ್ತಿದ್ದವು. ಕೂದಲ ಬುಡದ ಕೋಶಗಳೂ ಬೇಗ ಬೇಗ ಎರಡಾಗುವಂಥವು. ಪಾಪ, ಗಡ್ಡೆಯ ಜೊತೆಗೆ ಅವೂ ಸಿಕ್ಕಿಬಿದ್ದಿವೆ. ಔಷಧ ನಿಂತ ಮೇಲೆ ಕೂದಲು ಮತ್ತೆ ಬರುತ್ತದೆ.

ಹಾಗಾಗಿ ಗುರುವಾರ ಆಸ್ಪತ್ರೆಗೆ ಹೋಗಮ್ಮ. ಕೆಲಸ ಮೈಮೇಲೆ ಬಿದ್ದಿದೆ, ಈ ಸಲವೂ ನನಗೆ ಬರಲಾಗುವುದಿಲ್ಲ.

ನಿನ್ನ ಸೊಟ್ಟ ಕೈಯ
ಮಗಳು

ತಾ.ಕ.: ಎಲ್ಲ ಸತ್ತವು ಎಂದದ್ದು ಸುಳ್ಳು. ನೂರರಲ್ಲಿ ಎಂಟು ಕೋಶಗಳು ಕಾದು ಬೇಸತ್ತು, ಎರಡಾಗದೆಯೇ ಆ ಕಾವಲಿನಿಂದ ನುಸುಳಿಕೊಂಡು ಬದುಕಿವೆ. ಮೂರನೆಯ ಡ್ರಿಪ್ ಬೇಕಿರುವುದು ಅಂಥವುಗಳಿಗೇ. ಕೆಲಸದ ನೆಪವೂ ಸುಳ್ಳು. ಮೊದಲು ಕಾಯಿಲೆ ಬಿದ್ದ, ಆಮೇಲೆ ಕೂದಲಿಲ್ಲದ ನಿನ್ನನ್ನು ನೋಡಲು ಹೆದರಿ ಹಿಂದಿನ ಎರಡು ಡ್ರಿಪ್ಪಿಗೂ ತಪ್ಪಿಸಿಕೊಂಡೆ. ಈ ಕಾಗದವನ್ನು ಅಂಚೆಗೆ ಹಾಕಲಿಲ್ಲಮ್ಮ, ನಾನೇ ತಂದಿದ್ದೇನೆ; ಈ ಸಾಲುಗಳನ್ನು ಗೀಚಿದ್ದು ನಿನ್ನ ಅಂಗಡಿಯ ಬಾಗಿಲಲ್ಲೇ ನಿಂತು. ಓದಿದ್ದು ಸಾಕು, ತಲೆಯೆತ್ತು. ಮೇಜಿನ ಮೇಲಿರುವ ಆ ಬಟ್ಟೆಯ ಇನ್ನೊಂದು ತುದಿ ಇತ್ತ ಕೊಡು.