ಸಹರಿಯ ಮಾತ್ರೆ

ನ್ಯಾಮತಿ

ಪ್ರೀತಿಯ ಜಮೀರ್ ಭಾಯ್,

ಸಲಾಂ. ಫೋನಿನಲ್ಲಿ ಹೇಳಿದರೆ ಅಮ್ಮಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹುಬ್ಬಳ್ಳಿಯಿಂದ ಕಳಿಸಿದ ವಿಟಮಿನ್ ಮಾತ್ರೆ ನಂಬಿ ಅವಳು ಈ ಸಲವೂ ರಂಜಾನ್ ಉಪವಾಸದ ರೋಜಾ ಹಿಡಿದಳು. ಬೆಳಗಿನ ಜಾವದ ಸಹರಿ ಊಟಕ್ಕೆ ರೊಟ್ಟಿ ಮುಟ್ಟದೆ ಒಂದು ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದಳು. “ಮಗ ಕಳಿಸಿದ್ರಾಗೆ ಎಲ್ಲಾ ಶಕ್ತಿ ಐತೆ” ಅನ್ನುತ್ತಿದ್ದಳು. ನಾನೂ ಹೌದೆಂದುಕೊಂಡೆ.

ಅಮ್ಮಿಯ ತೂಕ ಇಳಿದಿದೆ ಎಂದು ಕ್ಯಾನ್ಸರ್ ಡಾಕ್ಟರ್ ಕೀಮೋ ಮುಂದೂಡಿದರು. “ಮಾತ್ರೆ ಊಟ ಆಗಲ್ಲಮ್ಮ, ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?” ಎಂದು ನನಗೇ ಅಂದರು. 

ಇನ್ನು ಮಾತ್ರೆ ಶೀಶೆ ಕಳಿಸಬೇಡ. ನನ್ನ ಮಾತು ಅವಳಿಗೆ ಹಿಡಿಸುವುದಿಲ್ಲ. ನೀನು ಕೇಳಿದ್ದಕ್ಕೆ ಇಲ್ಲ ಅನ್ನಲಾರಳು. ದಿನಾ “ಮಾತ್ರೆ ತಗೊಂಡ್ಯಾ ಅಮ್ಮಿ?” ಅಂತೀಯಲ್ಲ, ಇನ್ನುಮೇಲೆ “ಉಂಡ್ಯಾ?” ಅಂತ ಕೇಳು.

ನಿನ್ನ ತಂಗಿ,
ಸಾಯಿಮಾ