ಸೊಟ್ಟಗೆ ನಿಂತ ಟ್ರೈಪಾಡ್

ತನ್ಮಯಿ,

ಮಾಳಿಗೆಯ ಮೇಲೆ ಟ್ರೈಪಾಡ್ ಗೋಡೆಗೆ ಸೊಟ್ಟಗೆ ನಿಂತಿದೆ. ದಯವಿಟ್ಟು ನೆಟ್ಟಗೆ ಮಾಡಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

“ವಾಸ್ತು ನೋಡೇ ಕಟ್ಟಿಸೀನಿ, ಈ ಗೋಡಿ ಸೀದಾ ಉತ್ತರಕ್ಕೇ ಅದ” ಎಂದ ಅಪ್ಪನನ್ನು ನಂಬಿ ನಿನ್ನೆ ಟ್ರೈಪಾಡ್ ಮೇಲಿನ ಟ್ರ್ಯಾಕರನ್ನು ಗೋಡೆಯ ನೇರಕ್ಕೆ ಇಟ್ಟಿದ್ದೆ. ಸರಿಯಾಗಿ ಉತ್ತರಕ್ಕಿದ್ದರೆ ಮಾತ್ರ ಅದು ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತದೆ. ಫೋಟೊದಲ್ಲಿ ಎಲ್ಲವೂ ಶಾವಿಗೆಯಂತೆ ಎಳೆದುಕೊಂಡವು. ಬೆಳಗಿನ ಜಾವ ಧ್ರುವ ನಕ್ಷತ್ರವನ್ನೇ ನೋಡಿ ಸರಿಪಡಿಸಿದ್ದೇನೆ. ಅದು ಧ್ರುವನೇ ಎಂದುಕೊಂಡಿದ್ದೇನೆ. ಅಪ್ಪನಿಗೆ ಹೇಳಬೇಡ.

ಬಟ್ಟೆಯನ್ನು ಕೆಳಗೇ ಒಣಹಾಕು. ಕ್ಯಾಮೆರಾ ಬ್ಯಾಟರಿ ಚಾರ್ಜಿಗಿದೆ, ಕರೆಂಟು ಹೋಗಿ ಬಂದರೆ ಒಮ್ಮೆ ನೋಡು.

ಅಜ್ಜಿ ನಾಳೆ ಕರೂರಿಗೆ ಹೊರಡುತ್ತಾಳೆ. “ಕೃತ್ತಿಕಾ ಚುಕ್ಕಿ ಈಗೂ ಗುಂಪಾಗೇ ಅದಾವೇನೋ? ನನ್ನ ಕಣ್ಣಿಗಿ ಬರೇ ಮಬ್ಬು” ಎಂದು ಕೇಳಿದಳಲ್ಲ, ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸುವ ಆಸೆ. ಇವತ್ತೊಂದೇ ರಾತ್ರಿ ಉಳಿದಿದೆ. ಸಿರುಗುಪ್ಪದಲ್ಲಿ ಕೆಲಸ ಮುಗಿಸಿ ಕತ್ತಲಾಗುವ ಮುಂಚೆ ಬರುತ್ತೇನೆ.

ಫೋಟೊ ಬಂದೇ ಬರುತ್ತದೆ ಎಂದು ಅಜ್ಜಿಗೆ ಮಾತು ಕೊಡಬೇಡ. ಆದರೆ ಮಧ್ಯಾಹ್ನ ಅವಳು ಚೆನ್ನಾಗಿ ಮಲಗುವಂತೆ ನೋಡಿಕೋ.

ಅಣ್ಣ